ಕರಣೆ ಹಿಡಿದ ಕೈ ಕಟ್ಟಿದ ಗೋಪುರಗಳು

ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ ವಾಟ್ಸ್ ಎಂಬ ದುಡಿಯುವ ಜನರ ಬಡಾವಣೆಯಿದೆ. ಅಲ್ಲಿನ 107ನೇ ಬೀದಿಯಲ್ಲಿ, ಹಳೆಯ ರೈಲು ಹಳಿಯ ಮಗ್ಗುಲಲ್ಲಿ, ಮನೆ ಕಟ್ಟಲು ಯಾರೂ ಆಸೆಪಟ್ಟು ಕೊಳ್ಳದಂತಹ ಒಂದು ಮುಕ್ಕೋನದ ನಿವೇಶನದೊಳಗೆ 17 ರಚನೆಗಳು ಒಂದಕ್ಕೊಂದು ಕೈಹಿಡಿದುಕೊಂಡಂತೆ ನಿಂತಿವೆ. ಅವುಗಳಲ್ಲಿ ಮೂರು ದೊಡ್ಡ ಗೋಪುರಗಳು. ಎಲ್ಲಕ್ಕಿಂತ ಎತ್ತರದ್ದು 99.5 ಅಡಿ. ಇವೆಲ್ಲವನ್ನೂ 1921ರಿಂದ 1954ರವರೆಗೆ ಒಬ್ಬನೇ ಒಬ್ಬ ಮನುಷ್ಯ, ಹಗಲಿನ ಕೂಲಿ ಕೆಲಸ ಮುಗಿಸಿ ಬಂದ ಮೇಲೆ ಸಂಜೆಗಳಲ್ಲಿ ಮತ್ತು ರಜೆಯ ದಿನಗಳಲ್ಲಿ, ತನ್ನ ಎರಡು ಕೈಗಳಿಂದ ಕಟ್ಟಿದರು. ಅವರ ಹೆಸರು ಸೈಮನ್ ರೋಡಿಯಾ. ಇಟಲಿಯಿಂದ ಹುಡುಗನಾಗಿದ್ದಾಗಲೇ ವಲಸೆ ಬಂದವರು. ಗಾರೆ ಮತ್ತು ಟೈಲ್ಸ್ ಕೆಲಸ ಮಾಡಿ ಹೊಟ್ಟೆ ಹೊರೆದವರು.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಳಸುವ ಒಂದು ವಿಶೇಷಣ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಯಾವ ತರಬೇತಿಯೂ ಇಲ್ಲದ ಕಲಾವಿದ ಎಂದು ಅವರನ್ನು ಕರೆಯುತ್ತಾರೆ. ಹೊಗಳುವ ಉದ್ದೇಶದಿಂದಲೇ ಹೀಗೆ ಹೇಳುತ್ತಾರೆ ಎಂಬುದು ನಿಜ. ಆದರೆ ಮನೆ ಕಟ್ಟುವವರ ನಡುವೆ ಬೆಳೆದ ನನಗೆ, ಸಿಮೆಂಟು ಮತ್ತು ಕಂಬಿಯೊಂದಿಗೆ ದಶಕಗಳ ಕಾಲ ದುಡಿದ ಮನುಷ್ಯನನ್ನು ತರಬೇತಿಯಿಲ್ಲದವನೆಂದು ಕರೆಯುವುದು ಅನ್ಯಾಯವಾಗಿ ಕಾಣುತ್ತದೆ. ರೋಡಿಯಾ ಕಲಾಶಾಲೆಯ ಮೆಟ್ಟಿಲು ಹತ್ತಿರಲಿಲ್ಲ; ಓದು ಬರಹವೂ ಅಷ್ಟಕ್ಕಷ್ಟೇ. ಆದರೆ ಆ ಗೋಪುರಗಳು ನಿಂತಿರುವುದು ಕಸುಬಿನ ಕಲಿಕೆಯ ಮೇಲೆ. ಅವರು ಕಸುಬನ್ನು ಬಿಟ್ಟು ಶಿಲ್ಪಿಯಾದವರಲ್ಲ. ಕಸುಬನ್ನೇ ಇನ್ನಷ್ಟು, ಮತ್ತಷ್ಟು ಮಾಡುತ್ತಾ ಹೋಗಿ ಶಿಲ್ಪಿಯಾದವರು.

ಅವರ ನಿಜವಾದ ಹೆಸರು ಸಬಾತೋ ರೋಡಿಯಾ. ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯದ ಸೆರೀನೋ ಊರಿಗೆ ಸೇರಿದ ರಿಬೋಟ್ಟೊಲಿ ಎಂಬ ಹಳ್ಳಿಯಲ್ಲಿ 1879ರಲ್ಲಿ ಹುಟ್ಟಿದರು. ಆ ಕಾಲದಲ್ಲಿ ದಕ್ಷಿಣ ಇಟಲಿಯ ಬಡ ರೈತ ಕುಟುಂಬಗಳಿಂದ ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದರು. 1890ರ ದಶಕದ ನಡುವಿನಲ್ಲಿ, ಹದಿನೈದರ ಆಸುಪಾಸಿನ ಸಬಾತೋ ಕೂಡ ಅಣ್ಣನ ಜೊತೆಗೆ ಹೊರಟರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಅಲ್ಲಿಯೇ ಗಣಿ ಅಪಘಾತವೊಂದರಲ್ಲಿ ಅಣ್ಣ ತೀರಿಕೊಂಡರು. ತಮ್ಮ ಅಲ್ಲಿ ನಿಲ್ಲದೆ ಪಶ್ಚಿಮ ಕರಾವಳಿಯತ್ತ ನಡೆದರು. ಸಿಯಾಟಲ್‌ನಲ್ಲಿ 1902ರಲ್ಲಿ ಮದುವೆಯಾಯಿತು, ಮುಂದೆ ಓಕ್‌ಲ್ಯಾಂಡ್‌ನಲ್ಲಿ ಸಂಸಾರ ಹೂಡಿದರು, ಮೂವರು ಮಕ್ಕಳಾದರು. ಆದರೆ ಆ ದಾಂಪತ್ಯ ಉಳಿಯಲಿಲ್ಲ. ಅದರ ನಂತರದ ವರ್ಷಗಳು ಅಲೆದಾಟದ ವರ್ಷಗಳು. ಕಲ್ಲು ಕ್ವಾರಿ, ಮರ ಕಡಿಯುವ ಕೂಪು, ರೈಲು ರಸ್ತೆಯ ಕ್ಯಾಂಪು, ಕಟ್ಟಡ ಕೆಲಸ, ಕೊನೆಗೆ ಟೈಲ್ಸ್ ಹಾಕುವ ಕೆಲಸ.

ಈ ಪಟ್ಟಿಯನ್ನು ಜೀವನಚರಿತ್ರೆಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಮಾತ್ರ ಅದನ್ನು ನಿಧಾನವಾಗಿ ಓದಬೇಕೆನಿಸುತ್ತದೆ. ಕ್ವಾರಿಯಲ್ಲಿ ದುಡಿದವನಿಗೆ ಭಾರ ಎಂದರೇನು, ಅದನ್ನು ಒಬ್ಬನೇ ಎತ್ತಬೇಕಾದರೆ ಎಲ್ಲಿ ಹಿಡಿಯಬೇಕು ಎಂಬುದು ತಿಳಿದಿರುತ್ತದೆ. ರೈಲು ರಸ್ತೆಯಲ್ಲಿ ದುಡಿದವನಿಗೆ ಉಕ್ಕು ಬಿಸಿಲಿಗೆ ಹಿಗ್ಗುವುದನ್ನೂ ಚಳಿಗೆ ಕುಗ್ಗುವುದನ್ನೂ ಪುಸ್ತಕ ಹೇಳಿಕೊಡಬೇಕಾಗಿಲ್ಲ. ಟೈಲ್ಸ್ ಕೆಲಸದವನಿಗೆ ಗಾರೆ ಎಷ್ಟು ಹೊತ್ತು ಮೆತ್ತಗಿರುತ್ತದೆ, ಯಾವ ಹದದಲ್ಲಿ ಟೈಲನ್ನು ಒತ್ತಿದರೆ ಕೂರುತ್ತದೆ, ಯಾವ ಹದ ಮೀರಿದ ಮೇಲೆ ಎಷ್ಟು ಒತ್ತಿದರೂ ಒಂದು ದಿನ ಕಳಚಿ ಬೀಳುತ್ತದೆ ಎಂಬುದು ಬೆರಳ ತುದಿಗೆ ಗೊತ್ತಿರುತ್ತದೆ. ರೋಡಿಯಾ 1921ರಲ್ಲಿ ವಾಟ್ಸ್‌ನ ಆ ನಿವೇಶನವನ್ನು ಕೊಂಡಾಗ ಅವರಿಗೆ 42 ವರ್ಷ. ಅಂದರೆ ಕಾಲು ಶತಮಾನಕ್ಕೂ ಮಿಕ್ಕಿದ ಅಭ್ಯಾಸ ಮುಗಿದಿತ್ತು.

ಕಟ್ಟಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅವರ ಕಲೆಯ ಜೀವ ಇರುವುದೇ ಅಲ್ಲಿ. ಅವರ ಬಳಿ ಇದ್ದದ್ದು ಟೈಲ್ಸ್ ಕೆಲಸದವನ ಕೈಸಾಮಾನುಗಳು, ಒಂದು ಬಕೆಟ್ಟು, ಮತ್ತು ಎತ್ತರದ ಕಟ್ಟಡಗಳ ಕಿಟಕಿ ಒರೆಸುವವರು ಸೊಂಟಕ್ಕೆ ಬಿಗಿದುಕೊಳ್ಳುವಂತಹ ಒಂದು ಪಟ್ಟಿ. ಕ್ರೇನ್ ಇರಲಿಲ್ಲ, ವೆಲ್ಡಿಂಗ್ ಇರಲಿಲ್ಲ, ಒಂದೇ ಒಂದು ನಟ್ಟು ಬೋಲ್ಟಾಗಲಿ ರಿವೆಟ್ಟಾಗಲಿ ಬಳಸಲಿಲ್ಲ. ಉಕ್ಕಿನ ಕಂಬಿ, ಪೈಪು, ಕೋನಾಕಾರದ ಪಟ್ಟಿ, ಏನು ಸಿಕ್ಕಿತೋ ಅದನ್ನು ತಂದು ಪಕ್ಕದ ರೈಲು ಹಳಿಯ ಸಂದಿಗೆ ತುದಿಯನ್ನು ಸಿಕ್ಕಿಸಿ, ಮೈಭಾರ ಹಾಕಿ ಬಗ್ಗಿಸುತ್ತಿದ್ದರು. ಒಂದು ಕಂಬಿಯ ತುದಿಯನ್ನು ಇನ್ನೊಂದರ ಮೇಲೆ ಸಾಕಷ್ಟು ಉದ್ದಕ್ಕೆ ಹೊಂದಿಸಿ ತಂತಿಯಿಂದ ಬಿಗಿದು ಕಟ್ಟುವುದು, ಅದರ ಸುತ್ತ ತಂತಿಯ ಜಾಲರಿ ಸುತ್ತುವುದು, ಜಾಲರಿಯ ಕಣ್ಣುಗಳೊಳಗೆ ಹೋಗುವಂತೆ ಗಾರೆಯನ್ನು ಕೈಯಿಂದ ಒತ್ತಿ ತುಂಬುವುದು, ಗಾರೆ ಹಸಿಯಾಗಿರುವಾಗಲೇ ಅದರ ಮೈತುಂಬ ಟೈಲ್ಸ್ ಚೂರು, ಗಾಜಿನ ಚೂರು, ಕಪ್ಪೆಚಿಪ್ಪು ಕೂರಿಸುವುದು. ನಮ್ಮಲ್ಲಿ ಇಂದಿಗೂ ಕಂಬಿ ಕಟ್ಟುವವರು ಲ್ಯಾಪಿಂಗ್ ಎಂದು ಕರೆಯುವುದು ಇದರ ಮೊದಲ ಹಂತವನ್ನೇ.

ಸಾರುವೆ ಕಟ್ಟದೆ ನೂರು ಅಡಿ ಎತ್ತರಕ್ಕೆ ಹೇಗೆ ಹೋದರು ಎಂದು ಎಲ್ಲರೂ ಕೇಳುತ್ತಾರೆ. ಗೋಪುರವೇ ಅವರ ಸಾರುವೆ. ನೆಲದಿಂದ ಮೇಲೇಳುವ ಉದ್ದನೆಯ ಕಂಬಗಳನ್ನು ಅಡ್ಡಲಾಗಿ ಬಳೆಯಂತೆ ಸುತ್ತುವ ವೃತ್ತಗಳು ಹಿಡಿದಿಟ್ಟಿವೆ. ಒಂದು ವೃತ್ತ ಗಟ್ಟಿಯಾದ ಮೇಲೆ ಅದರ ಮೇಲೆ ಕಾಲಿಟ್ಟು, ಸೊಂಟದ ಪಟ್ಟಿಯನ್ನು ಕಂಬಕ್ಕೆ ಬಿಗಿದು, ಮುಂದಿನ ವೃತ್ತವನ್ನು ಕಟ್ಟುತ್ತಿದ್ದರು. ಬಕೆಟ್ಟಿನಲ್ಲಿ ಗಾರೆ, ಜೊತೆಗೆ ಚೂರುಗಳು. ಬಕೆಟ್ಟು ಬರಿದಾದರೆ ಮತ್ತೆ ಇಳಿಯಬೇಕು, ಮತ್ತೆ ಹತ್ತಬೇಕು. ಹೀಗೆ ಕೆಲಸ ನಿಧಾನವಾಗಿ ಸಾಗಿದ್ದೇ ಅದಕ್ಕೆ ಒಳ್ಳೆಯದಾಯಿತು ಎಂದು ನನಗೆ ಅನಿಸುತ್ತದೆ. ಅವಸರದ ಗುತ್ತಿಗೆ ಕೆಲಸದಲ್ಲಿ ಕಾಂಕ್ರೀಟಿಗೆ ಸಿಗದ ಸಮಯ ಇಲ್ಲಿ ಪ್ರತಿ ಮೊಳಕ್ಕೂ ಸಿಕ್ಕಿತು. ಜೊತೆಗೆ, ಹತ್ತಬೇಕಾದವನು ತಾನೇ ಆದ್ದರಿಂದ, ಕೆಳಗಿನ ಪ್ರತಿಯೊಂದು ಕಟ್ಟೂ ಮೊದಲು ಅವರದೇ ಮೈಭಾರವನ್ನು ಹೊತ್ತು ಪರೀಕ್ಷೆಗೆ ಒಳಗಾಯಿತು.

ಇಟಲಿಯ ಪ್ರಸಿದ್ಧ ಎಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ 1940ರ ದಶಕದಲ್ಲಿ ಉಕ್ಕಿನ ಜಾಲರಿಗೆ ತೆಳುವಾಗಿ ಗಾರೆ ತುಂಬಿ ಹಗುರವಾದ, ಬಲವಾದ ರಚನೆಗಳನ್ನು ಮಾಡುವ ಫೆರೋಸಿಮೆಂಟ್ ವಿಧಾನವನ್ನು ಬೆಳೆಸಿ ಲೋಕಮಾನ್ಯರಾದರು. ಜಾಲರಿಯ ಎಳೆಗಳು ಒತ್ತೊತ್ತಾಗಿರುವುದರಿಂದ ಬಿರುಕು ಬಿಟ್ಟರೂ ಅದು ಹರಡಿ ಕೂದಲೆಳೆಯಷ್ಟೇ ಉಳಿಯುತ್ತದೆ, ಒಂದೇ ಕಡೆ ಬಾಯಿ ಬಿಡುವುದಿಲ್ಲ ಎಂಬುದು ಆ ವಿಧಾನದ ಗುಟ್ಟು. ಅದೇ ನಾಡಿನ ಒಬ್ಬ ಕೂಲಿಕಾರ, ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯದೆ, ಲೆಕ್ಕ ಹಾಕದೆ, ವಾಟ್ಸ್‌ನಲ್ಲಿ ಬಹುಮಟ್ಟಿಗೆ ಅದನ್ನೇ 1920ರ ದಶಕದಿಂದ ಮಾಡಿಕೊಂಡು ಬಂದಿದ್ದರು. 1933ರಲ್ಲಿ 6.4 ತೀವ್ರತೆಯ ಲಾಂಗ್ ಬೀಚ್ ಭೂಕಂಪ ಆ ಪ್ರದೇಶದ ಅನೇಕ ಇಟ್ಟಿಗೆ ಕಟ್ಟಡಗಳನ್ನು ಉರುಳಿಸಿದಾಗ ಆವರೆಗೆ ಎದ್ದಿದ್ದ ಗೋಪುರಗಳು ನಿಂತೇ ಇದ್ದವು.

ನಾನು ಅಲ್ಲಿಗೆ ಹೋದಾಗ ಎಲ್ಲರಂತೆ ಮೊದಲು ತಲೆಯೆತ್ತಿ ನೋಡಿದೆ. ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಸುತ್ತಲಿನ ಗೋಡೆ. ಅಳೆದು ಕೊಯ್ದ ಟೈಲುಗಳಲ್ಲ ಅಲ್ಲಿರುವುದು. ಒಡೆದ ತಟ್ಟೆ, ಹಿಡಿಕೆ ಮುರಿದ ಬಟ್ಟಲು, ಹೂವಿನ ಚಿತ್ರ ಅರ್ಧ ಉಳಿದ ಪಿಂಗಾಣಿ, ಮಲಿಬು ಪಾಟರೀಸ್‌ನಂತಹ ಸ್ಥಳೀಯ ಕಾರ್ಖಾನೆಗಳ ಬಣ್ಣದ ಟೈಲ್ಸ್ ಚೂರುಗಳು. ಹಸಿರು ಬಣ್ಣಕ್ಕೆ ಸೆವೆನ್ ಅಪ್ ಬಾಟಲಿಯ ತಳ, ಕಡುನೀಲಿಗೆ ಮಿಲ್ಕ್ ಆಫ್ ಮೆಗ್ನೀಶಿಯಾ ಔಷಧಿಯ ಬಾಟಲಿ. ರೈಲು ಹಳಿಯ ಗುಂಟ ಮೈಲಿಗಟ್ಟಲೆ ನಡೆದು ಇವನ್ನು ಆಯ್ದು ತರುತ್ತಿದ್ದರಂತೆ. ಬೀದಿಯ ಮಕ್ಕಳು ಒಡೆದ ಪಾತ್ರೆ ತಂದುಕೊಟ್ಟರೆ ಚಿಲ್ಲರೆ ಕಾಸೋ ಮಿಠಾಯಿಯೋ ಸಿಗುತ್ತಿತ್ತಂತೆ. ಹತ್ತಿರ ಹೋಗಿ ನೋಡಿದರೆ ಚೂರುಗಳ ಅಂಚು ಎಲ್ಲಿಯೂ ಕೈಗೆ ತಾಗುವಂತೆ ಚಾಚಿಲ್ಲ. ಬಾಗಿದ ಬಟ್ಟಲಿನ ಚೂರನ್ನು ಬಾಗಿದ ಮೈಗೆ, ಚಪ್ಪಟೆ ಚೂರನ್ನು ಚಪ್ಪಟೆ ಮೈಗೆ ಹೊಂದಿಸಿದ್ದಾರೆ. ಎರಡು ಚೂರುಗಳ ನಡುವಿನ ಸಂದು ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ ಅಳತೆ. ಒಳ್ಳೆಯ ಟೈಲ್ಸ್ ಮೇಸ್ತ್ರಿಯ ಕೈಗುಣ ಅದು.

ಚೂರುಗಳಿಲ್ಲದ ಕಡೆಗಳಲ್ಲಿ ಹಸಿ ಗಾರೆಗೆ ಒತ್ತಿದ ಅಚ್ಚುಗಳಿವೆ. ಜೋಳದ ತೆನೆ, ನೀರಿನ ನಲ್ಲಿಯ ತಿರುಗುಹಿಡಿ, ಹೆಣೆದ ಬುಟ್ಟಿ. ಒಂದು ಕಡೆ ಅವರ ಹೆಸರಿನ ಮೊದಲಕ್ಷರಗಳ ಹತ್ತಿರವೇ ಅವರ ಸಾಮಾನುಗಳ ಅಚ್ಚು: ಸುತ್ತಿಗೆ ಮತ್ತು ದಿನವೂ ಕೈಯಲ್ಲಿ ಹಿಡಿದ ಇತರ ಉಪಕರಣಗಳು. ಚಿತ್ರಕಾರರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವುದುಂಟು. ರೋಡಿಯಾ ತನ್ನ ಗುರುತಾಗಿ ಗೋಡೆಯ ಮೇಲೆ ಬಿಟ್ಟದ್ದು ಇದನ್ನು. ಅವರು ತನ್ನನ್ನು ಯಾರೆಂದು ತಿಳಿದಿದ್ದರು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಈ ರೂಪಗಳು ಎಲ್ಲಿಂದ ಬಂದವು ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಅವರು ಹುಟ್ಟಿದ ಸೀಮೆಗೆ ದೂರವಲ್ಲದ ನೋಲಾ ಪಟ್ಟಣದಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಸಂತ ಪಾವ್ಲಿನೋ ಹೆಸರಿನಲ್ಲಿ ಒಂದು ಜಾತ್ರೆ ನಡೆಯುತ್ತದೆ. ಸುಮಾರು 25 ಮೀಟರ್ ಎತ್ತರದ, ಅಲಂಕರಿಸಿದ ಎಂಟು ಮರದ ಗೋಪುರಗಳನ್ನು ಮತ್ತು ಒಂದು ದೋಣಿಯನ್ನು ಜನ ಹೆಗಲ ಮೇಲೆ ಹೊತ್ತು ಬೀದಿಬೀದಿಗಳಲ್ಲಿ ಕುಣಿಸುತ್ತಾರೆ. ಚಕ್ರವಿಲ್ಲದ ನಮ್ಮ ತೇರುಗಳನ್ನು ಊಹಿಸಿಕೊಂಡರೆ ಸರಿಹೋದೀತು. ಒಂದೊಂದು ಗೋಪುರ ಒಂದೊಂದು ಕಸುಬಿನದು: ತರಕಾರಿ ಬೆಳೆಯುವವರದು, ರೊಟ್ಟಿ ಸುಡುವವರದು, ಚಮ್ಮಾರರದು, ಕಮ್ಮಾರರದು, ದರ್ಜಿಗಳದು, ಹೀಗೆ. 2013ರಲ್ಲಿ ಯುನೆಸ್ಕೋ ಈ ಜಾತ್ರೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ವಾಟ್ಸ್‌ನ ನಿವೇಶನದಲ್ಲಿಯೂ ಮೊನಚಾದ ಗೋಪುರಗಳ ಜೊತೆಗೆ ಒಂದು ಹಡಗಿದೆ, ಅದನ್ನು ಮಾರ್ಕೋ ಪೋಲೋನ ಹಡಗು ಎನ್ನುತ್ತಾರೆ. ಹದಿನೈದರ ಹರೆಯದಲ್ಲಿ ಊರು ಬಿಟ್ಟ ಹುಡುಗನ ಕಣ್ಣಲ್ಲಿ ಆ ಜಾತ್ರೆ ಉಳಿದಿತ್ತು ಎಂದು ನಂಬಲು ನನಗೆ ಮನಸ್ಸಾಗುತ್ತದೆ. ಆದರೂ ಅದು ಊರ ನೆನಪಿನ ನಕಲು ಎನ್ನುವವರನ್ನು ನಾನು ಒಪ್ಪಲಾರೆ. ನೋಲಾದ ಗೋಪುರಗಳನ್ನು ಹಬ್ಬ ಮುಗಿದ ಮೇಲೆ ಬಿಚ್ಚಿಡುತ್ತಾರೆ, ಮರುವರ್ಷ ಹೊಸದಾಗಿ ಕಟ್ಟುತ್ತಾರೆ. ಇವರು ಕಟ್ಟಿದ್ದು ಬಿಚ್ಚಲಾಗದ ಹಾಗೆ. ಮಾತ್ರವಲ್ಲ, ಅದಕ್ಕೆ ಇಟಾಲಿಯನ್ ಹೆಸರನ್ನೂ ಇಡಲಿಲ್ಲ. ನೆರೆಯ ಮೆಕ್ಸಿಕನ್ನರ ಸ್ಪ್ಯಾನಿಷ್ ಮಾತಿನಲ್ಲಿ ನಮ್ಮೂರು ಎಂಬ ಅರ್ಥ ಬರುವ ‘ನುಯೆಸ್ತ್ರೋ ಪ್ವೆಬ್ಲೋ’ ಎಂಬ ಹೆಸರನ್ನು ಗಾರೆಯಲ್ಲಿ ಬರೆದರು.

ನೆರೆಹೊರೆಯವರೆಲ್ಲ ಅವರನ್ನು ಪ್ರೀತಿಯಿಂದ ಕಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಮಕ್ಕಳಲ್ಲಿ ಕೆಲವರು ಕಲ್ಲೆಸೆಯುತ್ತಿದ್ದರು; ಎರಡನೆಯ ಮಹಾಯುದ್ಧದ ಸಮಯದಲ್ಲಿ ಈ ಗೋಪುರಗಳಿಂದ ಶತ್ರುಗಳಿಗೆ ಸಂದೇಶ ಹೋಗುತ್ತಿದೆ ಎಂಬ ಗುಲ್ಲು ಹಬ್ಬಿತ್ತು. ಪತ್ರಿಕೆಗಳು ಅವರ ಹೆಸರನ್ನು ಕೂಡ ಸರಿಯಾಗಿ ಬರೆಯಲಿಲ್ಲ. 75ನೆಯ ವಯಸ್ಸಿನಲ್ಲಿ ಕೆಲಸ ನಿಲ್ಲಿಸಿ, ನಿವೇಶನವನ್ನು ಪಕ್ಕದ ಮನೆಯವರೊಬ್ಬರಿಗೆ ಬರೆದುಕೊಟ್ಟು, ಉತ್ತರ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಎಂಬ ಊರಿಗೆ ಬಂಧುಗಳ ಹತ್ತಿರ ಹೊರಟುಹೋದರು. ಮತ್ತೆಂದೂ ವಾಟ್ಸ್‌ಗೆ ಮರಳಲಿಲ್ಲ. ಅವರು ವಾಸವಾಗಿದ್ದ ಪುಟ್ಟ ಮನೆ ಬೆಂಕಿಗೆ ಆಹುತಿಯಾಯಿತು. ನಗರದ ಕಟ್ಟಡ ಇಲಾಖೆ ಇಡೀ ರಚನೆಯನ್ನು ಅಪಾಯಕಾರಿ ಎಂದು ಘೋಷಿಸಿ ಕೆಡವಲು ಆದೇಶಿಸಿತು.

ವಿಲಿಯಂ ಕಾರ್ಟ್‌ರೈಟ್ ಮತ್ತು ನಿಕೋಲಸ್ ಕಿಂಗ್ ಎಂಬ ಇಬ್ಬರು ಯುವಕರು, ಸಿನಿಮಾ ಕ್ಷೇತ್ರದವರು, 1959ರಲ್ಲಿ ಆ ಜಾಗವನ್ನು ಕೊಂಡು ಗೋಪುರಗಳನ್ನು ಉಳಿಸಲು ಸಮಿತಿಯೊಂದನ್ನು ಕಟ್ಟಿದರು. ಅಧಿಕಾರಿಗಳ ವಾದ ಸರಳವಾಗಿತ್ತು: ನಕ್ಷೆಯಿಲ್ಲ, ಲೆಕ್ಕವಿಲ್ಲ, ಪರವಾನಗಿಯಿಲ್ಲ, ಆದ್ದರಿಂದ ಭದ್ರತೆಯಿಲ್ಲ. ಸಮಿತಿಯ ಪರವಾಗಿ ಬಡ್ ಗೋಲ್ಡ್‌ಸ್ಟೋನ್ ಎಂಬ ವಿಮಾನ ಎಂಜಿನಿಯರ್ ನಿಂತು, ಎತ್ತರದ ಗೋಪುರಕ್ಕೆ 10,000 ಪೌಂಡುಗಳ ಅಡ್ಡ ಒತ್ತಡ ಹಾಕಿ ನೋಡೋಣ, ತಡೆಯದಿದ್ದರೆ ಕೆಡವಿ ಎಂದರು. 1959ರ ಅಕ್ಟೋಬರ್ 10ರಂದು ಜನ ನೆರೆದು ನೋಡುತ್ತಿರುವಾಗ ಉಕ್ಕಿನ ಹಗ್ಗಗಳನ್ನು ಬಿಗಿದು ಎಳೆಯಲಾಯಿತು. ಒತ್ತಡ ಪೂರ್ತಿಯಾದಾಗ ಬಾಗಿದ್ದು ಗೋಪುರವಲ್ಲ, ಒತ್ತಡ ಹೇರಲು ತಂದಿದ್ದ ಉಕ್ಕಿನ ತೊಲೆ. ಪರೀಕ್ಷೆ ಅಲ್ಲಿಗೇ ನಿಂತಿತು. ಕೆಡವುವ ಆದೇಶವೂ ಬಿದ್ದುಹೋಯಿತು. ಈ ಪ್ರಸಂಗವನ್ನು ಪವಾಡದಂತೆ ಹೇಳುವುದುಂಟು. ನನಗೆ ಅದರಲ್ಲಿ ಪವಾಡವೇನೂ ಕಾಣುವುದಿಲ್ಲ. 33 ವರ್ಷ ಸಂದುಗೊಂದಿಗಳಿಗೆಲ್ಲ ಗಾರೆ ತುಂಬುತ್ತ, ಒಂದು ಜೋಡಣೆಯನ್ನೂ ಅರೆಬರೆ ಬಿಡದೆ ಕಟ್ಟಿದ ಕೆಲಸ ಅದು, ನಿಲ್ಲದಿದ್ದರೆ ಆಶ್ಚರ್ಯಪಡಬೇಕಿತ್ತು.

ರೋಡಿಯಾ ಆ ಪರೀಕ್ಷೆಗೆ ಬರಲಿಲ್ಲ. ಆದರೆ 1961ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರ ಗೋಪುರಗಳ ಚಿತ್ರಗಳನ್ನು ತೋರಿಸುವ ಕಾರ್ಯಕ್ರಮಕ್ಕೆ ಅವರನ್ನು ಕರೆತಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಾರ್ಸಿಲೋನಾದಲ್ಲಿ ಚೂರು ಟೈಲ್ಸ್‌ನಿಂದಲೇ ಮೈದುಂಬಿದ ಕಟ್ಟಡಗಳನ್ನು ಕಟ್ಟಿದ ಆಂಟೊನಿ ಗೌಡಿಯ ಕೃತಿಗಳ ಚಿತ್ರಗಳನ್ನು ತೋರಿಸಿದಾಗ, ಈ ಮನುಷ್ಯನಿಗೆ ಸಹಾಯಕರಿದ್ದರೇ ಎಂದು ಅವರು ಕೇಳಿದರಂತೆ. ಇದ್ದರು ಎಂಬ ಉತ್ತರ ಬಂದಾಗ, ನನಗೆ ಯಾರೂ ಇರಲಿಲ್ಲ ಎಂದರಂತೆ. ಇದನ್ನು ಜಂಭದ ಮಾತೆಂದು ಕೆಲವರು ಓದುತ್ತಾರೆ. ಕಟ್ಟಡ ಕೆಲಸದವರ ಬಾಯಲ್ಲಿ ಅದು ಮೊದಲು ಕೇಳಬೇಕಾದ ಪ್ರಶ್ನೆ: ಎಷ್ಟು ಆಳು, ಎಷ್ಟು ದಿನ? ಗೌಡಿ ವಾಸ್ತುಶಿಲ್ಪ ಓದಿದವರು, ಅವರ ಕೈಕೆಳಗೆ ನುರಿತ ಕುಶಲಕರ್ಮಿಗಳಿದ್ದರು. ಇಲ್ಲಿ ಯೋಚಿಸಿದವರೂ ಗಾರೆ ಕಲಸಿದವರೂ ಹೊತ್ತು ಹತ್ತಿದವರೂ ಒಬ್ಬರೇ.

ನಮ್ಮ ದೇಶದ ಓದುಗರಿಗೆ ಇಲ್ಲಿ ಚಂಡೀಗಢದ ನೇಕ್ ಚಂದ್ ನೆನಪಾಗದಿರದು. ದೇಶ ವಿಭಜನೆಯಾದಾಗ ಇಂದಿನ ಪಾಕಿಸ್ತಾನದ ಹಳ್ಳಿಯಿಂದ ಬಂದ ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ತಪಾಸಣೆಯ ಕೆಲಸದಲ್ಲಿದ್ದುಕೊಂಡು, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳಿಂದ ಗುಟ್ಟಾಗಿ ರಾಕ್ ಗಾರ್ಡನ್ ಕಟ್ಟಿದರು. ಅದು ಕಾನೂನು ಬಾಹಿರ ಎಂದು ತಿಳಿದ ಮೇಲೂ ಆಡಳಿತ ಅದನ್ನು ಕೆಡವದೆ, 1976ರಲ್ಲಿ ಸಾರ್ವಜನಿಕರಿಗೆ ತೆರೆದು, ಅವರಿಗೆ ಸಂಬಳವನ್ನೂ ಕೆಲಸಗಾರರನ್ನೂ ಕೊಟ್ಟಿತು. ಊರು ಕಳೆದುಕೊಂಡವರಿಬ್ಬರೂ ಬೇರೆಯವರು ಎಸೆದದ್ದರಿಂದ ಹೊಸ ಊರನ್ನು ಮಾಡಿಕೊಂಡರು. ಆದರೆ ರೋಡಿಯಾಗೆ ಅಂತಹ ಮನ್ನಣೆಯಾಗಲಿ ಸಂಬಳವಾಗಲಿ ಕಟ್ಟುವ ಕಾಲದಲ್ಲಿ ಎಂದೂ ಬರಲಿಲ್ಲ.

ಅವರು ತೀರಿಕೊಂಡದ್ದು 1965ರ ಜುಲೈ ತಿಂಗಳಲ್ಲಿ, ಮಾರ್ಟಿನೆಜ್‌ನಲ್ಲಿ. ಮರುತಿಂಗಳೇ ವಾಟ್ಸ್ ಹೊತ್ತಿ ಉರಿಯಿತು. ಪೊಲೀಸರ ನಡವಳಿಕೆಯ ವಿರುದ್ಧ ಕರಿಯ ಜನರ ಸಿಟ್ಟು ಬೀದಿಗೆ ಬಂದ ಆ ದಿನಗಳಲ್ಲಿ 34 ಜನ ಸತ್ತರು, ಅಂಗಡಿ ಸಾಲುಗಳು ಬೂದಿಯಾದವು. ಗೋಪುರಗಳನ್ನು ಯಾರೂ ಮುಟ್ಟಲಿಲ್ಲ. ಆ ಹೊತ್ತಿಗೆ ಅವುಗಳ ಪಕ್ಕದಲ್ಲಿ ಮಕ್ಕಳಿಗೆ ಕಲೆ ಕಲಿಸುವ ಕೇಂದ್ರವೊಂದು ಆರಂಭವಾಗಿತ್ತು. ಅದನ್ನು ನಡೆಸುತ್ತಿದ್ದ ಕಲಾವಿದ ನೋವಾ ಪ್ಯುರಿಫಾಯ್ ಗೆಳೆಯರೊಂದಿಗೆ ಸೇರಿ, ಸುಟ್ಟ ಅಂಗಡಿಗಳ ಕರಗಿದ ಲೋಹ, ಗಾಜು, ಮರಗಳನ್ನು ಟನ್ನುಗಟ್ಟಲೆ ಆಯ್ದು ತಂದು ಶಿಲ್ಪಗಳನ್ನು ಮಾಡಿದರು. ಬೀದಿಯಲ್ಲಿ ಬಿದ್ದದ್ದನ್ನು ಆಯ್ದು ಕಟ್ಟುವ ಪಾಠ ಆ ನೆಲದಲ್ಲಿ ಮುಂದುವರಿದದ್ದು ಹೀಗೆ. ಇಟಲಿಯವನೊಬ್ಬ ಕಟ್ಟಿದ್ದನ್ನು ಕರಿಯರ ಮತ್ತು ಮೆಕ್ಸಿಕನ್ನರ ಬಡಾವಣೆ ತನ್ನದೆಂದು ಕಾಪಾಡಿಕೊಂಡಿತು.

ಅಮೆರಿಕ ಸರಕಾರ 1990ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಆದರೆ ಘೋಷಣೆಗಿಂತ ಕಷ್ಟದ್ದು ಕಾಪಾಡುವ ಕೆಲಸ. ಬಿಸಿಲು ಬಿದ್ದ ಬದಿ ಹಿಗ್ಗುತ್ತದೆ, ನೆರಳಿನ ಬದಿ ಹಿಗ್ಗುವುದಿಲ್ಲ. ಕೂದಲೆಳೆ ಬಿರುಕುಗಳಲ್ಲಿ ಮಳೆನೀರು ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಮೇಲಿನ ಗಾರೆಯನ್ನು ಚೂರುಗಳ ಸಮೇತ ಎಬ್ಬಿಸುತ್ತದೆ. 2011ರಿಂದ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಸಂರಕ್ಷಣಾ ತಜ್ಞರು ಇದರ ಮೇಲೆ ಕೆಲಸ ಮಾಡಿದ್ದಾರೆ. ಹಳೆಯ ದುರಸ್ತಿಗಳಲ್ಲಿ ಬಿರುಕಿಗೆ ಗಡಸು ಸಿಮೆಂಟು ತುಂಬಿದ್ದರಿಂದ ಅದರ ಪಕ್ಕದಲ್ಲೇ ಹೊಸ ಬಿರುಕು ಮೂಡುತ್ತಿತ್ತು. ಗೋಪುರದ ಅಲುಗಾಟಕ್ಕೆ ಒಗ್ಗಿಕೊಳ್ಳುವಂತಹ ಮೆದು ವಸ್ತುಗಳನ್ನು ಹುಡುಕುವುದು ಅವರ ಮುಖ್ಯ ಕೆಲಸಗಳಲ್ಲೊಂದು. ನಕ್ಷೆಯೇ ಇಲ್ಲದ್ದರಿಂದ, ಒಂದು ಕಂಬದ ಒಳಗೆ ಇರುವುದು ಪೈಪೋ ಕೋನಪಟ್ಟಿಯೋ ಎಂಬುದನ್ನು ಗಾರೆ ಎದ್ದು ಬಂದ ಕಡೆಗಳಲ್ಲಿ ಇಣುಕಿ ನೋಡಿ, ಒಂದೊಂದು ಜೋಡಣೆಯನ್ನೂ ಬೇರೆ ಬೇರೆಯಾಗಿ ಓದಬೇಕಾಗುತ್ತದೆ. ಕಳಚಿದ ಚೂರನ್ನು ಅದರದೇ ಗುಳಿಗೆ ಮತ್ತೆ ಕೂರಿಸುವ ಕೆಲಸವಂತೂ ಇಂದಿಗೂ ನಡೆಯಬೇಕಾದದ್ದು ಕೈಯಿಂದಲೇ, ಒಂದು ಸಲಕ್ಕೆ ಒಂದು ಚೂರಿನಂತೆ.